ಬೇಸಿಗೆಯಲ್ಲಿ ಹಿತ್ತಲಿನ ಈಜುಕೊಳ ಕಾಯುವುದೇಕೆ, ತಣಿಯುವುದು ಹೇಗೆ?

ಹಿತ್ತಲಿನ ಈಜುಕೊಳದ ನೀರು ದಿನದಲ್ಲಿ ಅತಿ ಹೆಚ್ಚು ಬಿಸಿಯಾಗಿರುವುದು ಸೂರ್ಯ ನೆತ್ತಿಯ ಮೇಲಿರುವಾಗಲ್ಲ, ಸಂಜೆ ನಾಲ್ಕು-ಐದು ಗಂಟೆಯ ಆಸುಪಾಸಿನಲ್ಲಿ. ಅಂದರೆ ಮನೆಯವರು ನೀರಿಗಿಳಿಯಲು ಬಯಸುವ ಹೊತ್ತಿಗೆ ಸರಿಯಾಗಿ. ಮೈಸೂರಿನ ಹೊರವಲಯದ ಬಡಾವಣೆಗಳಲ್ಲಿ, ಶ್ರೀರಂಗಪಟ್ಟಣದ ಸುತ್ತಲಿನ ಹೋಂಸ್ಟೇಗಳಲ್ಲಿ, ಮಂಡ್ಯ ಸೀಮೆಯ ತೋಟದ ಮನೆಗಳಲ್ಲಿ ಕೊಳ ಕಟ್ಟಿಸಿಕೊಂಡವರು ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ ಎದುರಿಸುವ ತೊಂದರೆ ಇದು: ತಂಪಿಗೆಂದು ಕಟ್ಟಿಸಿದ ನೀರು ಉಗುರುಬೆಚ್ಚಗಾಗಿರುತ್ತದೆ. ಇದಕ್ಕೆ ಪರಿಹಾರವಾಗಿ ಕೇಳಿಬರುವ ಸಲಹೆಗಳು ಹಲವು. ಐಸ್ ಗಡ್ಡೆ ಹಾಕಿ ಎನ್ನುವವರಿದ್ದಾರೆ, ಅರ್ಧ ನೀರು ಖಾಲಿ ಮಾಡಿ ಬೋರ್‌ವೆಲ್ ನೀರು ತುಂಬಿಸಿ ಎನ್ನುವವರಿದ್ದಾರೆ, ನೀರು ತಣಿಸುವ ಯಂತ್ರವಾದ ಚಿಲ್ಲರ್ ಕೂರಿಸಿ ಎನ್ನುವವರೂ ಇದ್ದಾರೆ. ಇವುಗಳಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ತಿಳಿಯಬೇಕಾದರೆ ನೀರಿಗೆ ಶಾಖ ಎಲ್ಲಿಂದ ಬರುತ್ತದೆ ಮತ್ತು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎಂಬ ಲೆಕ್ಕವನ್ನು ಮೊದಲು ಹಾಕಬೇಕು. ಆ ಲೆಕ್ಕ ಕಷ್ಟದ್ದೇನೂ ಅಲ್ಲ.

ಉದಾಹರಣೆಗೆ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಒಂದು ಕೊಳವನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 45 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಅದರ ಮೇಲ್ಮೈ 32 ಚದರ ಮೀಟರ್. ಶಾಖವನ್ನು ಅಳೆಯಲು ನಮ್ಮ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಯೂನಿಟ್ಟನ್ನೇ ಬಳಸಬಹುದು. ಸಾವಿರ ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಅಥವಾ ಇಳಿಸಲು 1.16 ಯೂನಿಟ್ ಶಾಖ ಬೇಕು. ಹಾಗಾದರೆ ಈ ಕೊಳದ ನೀರನ್ನು ಒಂದು ಡಿಗ್ರಿ ಬದಲಿಸಲು ಸುಮಾರು 52 ಯೂನಿಟ್ ಬೇಕಾಗುತ್ತದೆ. ಮುಂದಿನ ಎಲ್ಲ ಲೆಕ್ಕಗಳಿಗೂ ಈ 52 ಎಂಬ ಸಂಖ್ಯೆಯೇ ಆಧಾರ.

ಏಪ್ರಿಲ್ ತಿಂಗಳಲ್ಲಿ ನಮ್ಮ ಭಾಗದಲ್ಲಿ ಮೋಡವಿಲ್ಲದ ದಿನವೊಂದರಲ್ಲಿ ಪ್ರತಿ ಚದರ ಮೀಟರ್ ನೆಲದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 6 ಯೂನಿಟ್. ಸೂರ್ಯ ನೆತ್ತಿಗೆ ಬಂದಾಗ ನೀರಿನ ಮೇಲ್ಮೈ ಬಿಸಿಲನ್ನು ಪ್ರತಿಫಲಿಸುವುದು ಬಹಳ ಕಡಿಮೆಯಾದ್ದರಿಂದ ಬಹುಪಾಲು ಶಾಖವನ್ನು ನೀರೇ ಹೀರಿಕೊಳ್ಳುತ್ತದೆ. 32 ಚದರ ಮೀಟರ್ ಮೇಲ್ಮೈಗೆ ಲೆಕ್ಕ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ 170 ಯೂನಿಟ್ ಒಳಗೆ ಸೇರುತ್ತದೆ. ಶಾಖ ಹೊರಹೋಗುವ ದಾರಿಯೇ ಇಲ್ಲದಿದ್ದರೆ ನೀರಿನ ಉಷ್ಣತೆ ಪ್ರತಿದಿನವೂ ಮೂರು ಡಿಗ್ರಿಗಿಂತ ಹೆಚ್ಚು ಏರುತ್ತಲೇ ಹೋಗಬೇಕಿತ್ತು. ಮಕ್ಕಳಿಗೆಂದು ಮಾಡುವ ಎರಡಡಿ ಆಳದ ಕೊಳದಲ್ಲಿ ಅದೇ ಬಿಸಿಲು ಏಳು ಡಿಗ್ರಿಗೂ ಹೆಚ್ಚು ಏರಿಸಬಲ್ಲದು. ಏಕೆಂದರೆ ಮೇಲ್ಮೈ ಎಷ್ಟಿದೆಯೋ ಅಷ್ಟು ಬಿಸಿಲು ಒಳಬರುತ್ತದೆ, ಅದನ್ನು ಹಂಚಿಕೊಳ್ಳಲು ಕೆಳಗೆ ನೀರು ಮಾತ್ರ ಕಡಿಮೆ ಇರುತ್ತದೆ. ಮಂಡ್ಯ ಸೀಮೆಯ ಹಳೆಯ ತೋಟದ ಬಾವಿಗಳು ಕಡುಬೇಸಿಗೆಯಲ್ಲೂ ತಣ್ಣಗಿರುವುದರ ಕಾರಣವೂ ಇದರಲ್ಲೇ ಇದೆ. ಬಾವಿಯ ಬಾಯಿ ಕಿರಿದು, ಆಳ ಹೆಚ್ಚು, ಬಿಸಿಲು ನೀರನ್ನು ಮುಟ್ಟುವುದು ನಡುಮಧ್ಯಾಹ್ನದ ಸ್ವಲ್ಪ ಹೊತ್ತು ಮಾತ್ರ, ಸುತ್ತಲೂ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುವ ಮಣ್ಣು. ಈಜುಕೊಳದಲ್ಲಿ ಇದೆಲ್ಲವೂ ತಿರುವುಮುರುವಾಗಿದೆ. ಅಗಲವಾದ ಬಾಯಿ, ಕಡಿಮೆ ಆಳ, ದಿನವಿಡೀ ಬಿಸಿಲು.

ಹೀಗೆ ಒಳಬಂದ ಶಾಖ ಹೊರಹೋಗಲು ಮೂರು ಮುಖ್ಯ ದಾರಿಗಳಿವೆ. ನೀರಿಗಿಂತ ಗಾಳಿ ತಂಪಾಗಿದ್ದಾಗ ಸ್ವಲ್ಪ ಶಾಖ ನೇರವಾಗಿ ಗಾಳಿಗೆ ಹೋಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನೀರಿನ ಮೇಲ್ಮೈ ತನ್ನ ಶಾಖವನ್ನು ತೆರೆದ ಆಕಾಶದ ಕಡೆಗೆ ವಿಕಿರಣವಾಗಿ ಹೊರಸೂಸುತ್ತದೆ. ಮೂರನೆಯದೂ ಎಲ್ಲಕ್ಕಿಂತ ದೊಡ್ಡದೂ ಆದ ದಾರಿ ಆವಿಯಾಗುವಿಕೆ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಉಳಿದ ನೀರಿನಿಂದ ಸುಮಾರು 0.67 ಯೂನಿಟ್ ಶಾಖವನ್ನು ಹೊತ್ತೊಯ್ಯುತ್ತದೆ. ಮಣ್ಣಿನ ಮಡಕೆಯ ಮೈಯಿಂದ ನೀರು ಜಿನುಗಿ ಆರುತ್ತಾ ಒಳಗಿನ ನೀರನ್ನು ತಣಿಸುವುದು ಯಾವ ಕ್ರಮದಲ್ಲೋ, ಕೊಳದ ಮೇಲ್ಮೈಯಲ್ಲಿ ನಡೆಯುವುದೂ ಅದೇ. ಬೇಸಿಗೆಯಲ್ಲಿ ದಿನವೊಂದಕ್ಕೆ ಐದರಿಂದ ಏಳು ಮಿಲಿಮೀಟರ್ ನೀರು ಇಳಿಯುವುದು ನಮ್ಮಲ್ಲಿ ಸಾಮಾನ್ಯ. ಆರು ಮಿಲಿಮೀಟರ್ ಎಂದಿಟ್ಟುಕೊಂಡರೆ ನಮ್ಮ ಕೊಳದಿಂದ 190 ಲೀಟರ್ ಹೋಯಿತು. ಅದರ ಜೊತೆಗೆ ಸುಮಾರು 130 ಯೂನಿಟ್ ಶಾಖವೂ ಹೋಯಿತು, ಅಂದರೆ ಎರಡೂವರೆ ಡಿಗ್ರಿಯಷ್ಟು. ಕೊಳದ ನೀರು ಕುದಿಯುವತ್ತ ಹೋಗದೆ ಒಂದು ಮಟ್ಟದಲ್ಲಿ ನಿಲ್ಲುವುದು ಈ ಆವಿಯ ಉಪಕಾರದಿಂದ. ನೀರಿನ ಮಟ್ಟ ಇಳಿಯುವುದನ್ನು ಕಂಡು ಮರುಗುವ ಮನೆಯವರು ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು: ಇಳಿದ ನೀರು ಪೂರ್ತಿ ನಷ್ಟವಾದದ್ದಲ್ಲ, ಅದು ತಣಿಸುವ ಕೆಲಸ ಮಾಡಿ ಹೋಗಿದೆ.

ಆವಿಯಾಗುವಿಕೆ ಎಷ್ಟರ ಮಟ್ಟಿಗೆ ತಣಿಸಬಲ್ಲದು ಎಂಬುದು ಊರಿನ ಗಾಳಿಯನ್ನು ಅವಲಂಬಿಸಿದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ತೋರಿಸುವ ಉಷ್ಣತೆಯನ್ನು ಆರ್ದ್ರ ಬಲ್ಬ್ ಉಷ್ಣತೆ ಎನ್ನುತ್ತಾರೆ. ಆವಿಯಿಂದ ತಣಿಯುವ ನೀರು ಅದಕ್ಕಿಂತ ಕೆಳಗೆ ಇಳಿಯಲಾರದು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಬೇಸಿಗೆಯ ಮಧ್ಯಾಹ್ನದ ಗಾಳಿ ಬಿಸಿಯಾಗಿದ್ದರೂ ಒಣಗಿರುತ್ತದೆ. ಗಾಳಿಯ ಉಷ್ಣತೆ 35 ಡಿಗ್ರಿ, ಆರ್ದ್ರತೆ ಶೇಕಡ 30 ಇದ್ದಾಗ ಆರ್ದ್ರ ಬಲ್ಬ್ ಉಷ್ಣತೆ ಸುಮಾರು 22 ಡಿಗ್ರಿ ಮಾತ್ರ. ಬೆಳಗಿನ ಜಾವ ಗಾಳಿ 22 ಡಿಗ್ರಿಗೆ ಇಳಿದು ಆರ್ದ್ರತೆ ಶೇಕಡ 75ಕ್ಕೆ ಏರಿದರೂ ಅದು 19ರ ಆಸುಪಾಸಿನಲ್ಲಿರುತ್ತದೆ. ಮಂಗಳೂರಿನಂಥ ಕರಾವಳಿಯ ಊರಿನಲ್ಲಿ ಉಷ್ಣತೆ 33, ಆರ್ದ್ರತೆ ಶೇಕಡ 65 ಇರುವ ಮಧ್ಯಾಹ್ನ ಇದೇ ಅಳತೆ 27ರ ಹತ್ತಿರ ಬರುತ್ತದೆ. ಆದ್ದರಿಂದ ಕಾರಂಜಿ ಹಾಕಿ ನೀರು ತಣಿಸುವ ವಿಧಾನ ಕರಾವಳಿಯಲ್ಲಿ ಹೆಚ್ಚು ಫಲ ಕೊಡದಿದ್ದರೂ ಮೈಸೂರು-ಮಂಡ್ಯದಲ್ಲಿ ಚೆನ್ನಾಗಿಯೇ ಫಲ ಕೊಡುತ್ತದೆ. ನಮ್ಮ ಒಣಗಾಳಿಯೂ ತಂಪಾದ ಇರುಳೂ ಪ್ರಕೃತಿ ಉಚಿತವಾಗಿ ಕೊಟ್ಟಿರುವ ಅನುಕೂಲಗಳು. ಅವನ್ನು ಬಳಸಿಕೊಳ್ಳದೆ ಯಂತ್ರದ ಕಡೆ ನೋಡುವುದು ಅವಸರವೆಂದೇ ನನ್ನ ಅಭಿಪ್ರಾಯ.

ಹಾಗಿದ್ದರೆ ಎಷ್ಟು ತಣ್ಣಗಿದ್ದರೆ ಸಾಕು? ಅಂತರರಾಷ್ಟ್ರೀಯ ಈಜು ಸ್ಪರ್ಧೆಗಳ ಕೊಳದಲ್ಲಿ ನೀರು 25ರಿಂದ 28 ಡಿಗ್ರಿಯೊಳಗಿರಬೇಕೆಂಬುದು ನಿಯಮ. ಮನೆಯಲ್ಲಿ ಮಕ್ಕಳೂ ಹಿರಿಯರೂ ಆಡುವ ನೀರಿಗೆ 28ರಿಂದ 30 ಹಿತವಾಗಿರುತ್ತದೆ. ಅದನ್ನು ಮೀರಿದಾಗ ಹಿತ ಕಡಿಮೆಯಾಗುವುದಷ್ಟೇ ಅಲ್ಲ, ರಭಸದಿಂದ ಈಜುವವರ ಮೈಯ ಶಾಖ ನೀರಿಗೆ ಸರಿಯಾಗಿ ಇಳಿದುಹೋಗುವುದಿಲ್ಲ. 2010ರ ಅಕ್ಟೋಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಫುಜೈರಾದಲ್ಲಿ ಬಿಸಿಯಾದ ಸಮುದ್ರದ ನೀರಿನಲ್ಲಿ ನಡೆದ ದೂರದ ಈಜು ಸ್ಪರ್ಧೆಯ ವೇಳೆ ಅಮೆರಿಕದ ಈಜುಗಾರ ಫ್ರಾನ್ ಕ್ರಿಪನ್ ಮೃತಪಟ್ಟರು. ಅದಾದ ಮೇಲೆ ಮುಕ್ತ ಜಲದ ಸ್ಪರ್ಧೆಗಳಿಗೆ 31 ಡಿಗ್ರಿಯ ಮೇಲ್ಮಿತಿಯನ್ನು ನಿಗದಿ ಮಾಡಲಾಯಿತು. ಮನೆಯ ಕೊಳದಲ್ಲಿ ಯಾರೂ ಹತ್ತು ಕಿಲೋಮೀಟರ್ ಈಜುವುದಿಲ್ಲವೆಂಬುದು ನಿಜ. ಆದರೂ 32 ದಾಟಿದ ನೀರಿನಲ್ಲಿ ಮಕ್ಕಳು ಗಂಟೆಗಟ್ಟಲೆ ಓಟಪಾಟ ಮಾಡುತ್ತಿದ್ದರೆ ನಡುನಡುವೆ ಹೊರಗೆ ಕರೆದು ಕುಡಿಯಲು ನೀರು ಕೊಡುವುದನ್ನು ಮರೆಯಬಾರದು. ನೀರಿನೊಳಗೆ ಬೆವರು ಹರಿಯುವುದು ಯಾರ ಕಣ್ಣಿಗೂ ಕಾಣುವುದಿಲ್ಲ.

ಬೆಚ್ಚನೆಯ ನೀರಿನ ಇನ್ನೊಂದು ತೊಂದರೆ ಪಾಚಿ ಮತ್ತು ಸೂಕ್ಷ್ಮಜೀವಿಗಳದ್ದು. ಉಷ್ಣತೆ ಏರಿದಂತೆ ಅವು ವೇಗವಾಗಿ ಬೆಳೆಯುತ್ತವೆ, ಕ್ಲೋರಿನ್ ಕೂಡ ಅಷ್ಟೇ ವೇಗವಾಗಿ ಖರ್ಚಾಗುತ್ತದೆ. ಅದರ ಮೇಲೆ ಬಿಸಿಲಿನ ನೇರಳಾತೀತ ಕಿರಣಗಳು ರಕ್ಷಣೆಯಿಲ್ಲದ ಕ್ಲೋರಿನ್ನಿನ ಬಹುಪಾಲನ್ನು ಕೆಲವೇ ಗಂಟೆಗಳಲ್ಲಿ ಒಡೆದುಹಾಕುತ್ತವೆ. ಇದನ್ನು ತಡೆಯಲು ಸಯನ್ಯೂರಿಕ್ ಆಮ್ಲ ಎಂಬ ಸ್ಥಿರಕಾರಿಯನ್ನು ಲೀಟರಿಗೆ 30ರಿಂದ 50 ಮಿಲಿಗ್ರಾಂ ಪ್ರಮಾಣದಲ್ಲಿ ಇಟ್ಟುಕೊಳ್ಳುವ ರೂಢಿಯಿದೆ. ಅದು ಮಿತಿಮೀರಿದರೆ ಕ್ಲೋರಿನ್ನಿನ ಕೊಲ್ಲುವ ಶಕ್ತಿಯೇ ಕುಗ್ಗುತ್ತದೆ. 2024ರಲ್ಲಿ ಕೇರಳದಲ್ಲಿ ಮಿದುಳಿಗೆ ಸೋಂಕು ತರುವ ಅಮೀಬಾದಿಂದ ಮಕ್ಕಳು ಸಾವಿಗೀಡಾದ ಸುದ್ದಿಯನ್ನು ಓದಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಜೀವಿ ಬೆಳೆಯುವುದು ಬೆಚ್ಚನೆಯ ಸಿಹಿನೀರಿನಲ್ಲಿ. ಕ್ಲೋರಿನ್ ಸರಿಯಾಗಿರುವ ಕೊಳದಲ್ಲಿ ಅದು ಉಳಿಯುವುದಿಲ್ಲ. ನೀರನ್ನು ತಣ್ಣಗಿಡುವುದು ಬರಿಯ ಸುಖದ ಮಾತಲ್ಲವೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಈಗ ಪರಿಹಾರಗಳ ವಿಷಯ. ದಿನಕ್ಕೆ 170 ಯೂನಿಟ್ ಒಳಬರುತ್ತಿರುವಾಗ, ಬಂದದ್ದನ್ನು ಹೊರಹಾಕುವುದಕ್ಕಿಂತ ಬಾರದಂತೆ ತಡೆಯುವುದು ಸುಲಭವೂ ಅಗ್ಗವೂ ಹೌದು. ಹೂವು-ತರಕಾರಿ ಸಸಿಗಳ ನರ್ಸರಿಗಳಲ್ಲಿ ಕಟ್ಟುವ ಶೇಡ್‌ನೆಟ್ ನಮ್ಮ ಭಾಗದ ಎಲ್ಲ ಪೇಟೆಗಳಲ್ಲೂ ಸಿಗುತ್ತದೆ. ಶೇಕಡ 75ರಷ್ಟು ನೆರಳು ಕೊಡುವ ನೆಟ್ಟನ್ನು ಇಡೀ ಕೊಳದ ಮೇಲೆ ಕಟ್ಟಿದರೆ ದಿನಕ್ಕೆ ಸುಮಾರು 125 ಯೂನಿಟ್ ಶಾಖ ಒಳಬರುವುದು ನಿಲ್ಲುತ್ತದೆ; ಇದು ಎರಡು ಡಿಗ್ರಿಗೂ ಹೆಚ್ಚಿನ ಏರಿಕೆಯನ್ನು ಪ್ರತಿದಿನವೂ ತಪ್ಪಿಸಿದಂತೆ. ಅರ್ಧ ಕೊಳಕ್ಕೆ ಕಟ್ಟಿದರೆ ಅದರ ಅರ್ಧದಷ್ಟು ಪ್ರಯೋಜನ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗಿನ ಐದು ಗಂಟೆಗಳಲ್ಲೇ ದಿನದ ಬಿಸಿಲಿನ ಅರ್ಧಕ್ಕಿಂತ ಹೆಚ್ಚು ಪಾಲು ಬೀಳುವುದರಿಂದ, ಆ ಹೊತ್ತಿಗೆ ಮಾತ್ರ ಎಳೆದು ಉಳಿದಂತೆ ಸುತ್ತಿಡುವಂಥ ವ್ಯವಸ್ಥೆಯೂ ಸಾಕಾಗುತ್ತದೆ. ನೆಟ್ಟನ್ನು ನೀರಿಗೆ ಹತ್ತಿರವಾಗಿ ಕಟ್ಟಬಾರದು. ಕನಿಷ್ಠ ಎಂಟು-ಒಂಬತ್ತು ಅಡಿ ಎತ್ತರದಲ್ಲಿದ್ದು ಸುತ್ತಲೂ ಗಾಳಿ ಆಡುವಂತಿದ್ದರೆ, ಬಿಸಿಯಾದ ನೆಟ್ಟಿನ ಕಾವು ನೀರಿಗೆ ಇಳಿಯುವುದಿಲ್ಲ, ಆವಿಯಾಗುವಿಕೆಗೂ ಅಡ್ಡಿಯಾಗುವುದಿಲ್ಲ. ರಾತ್ರಿ ಅದನ್ನು ಸರಿಸಿಡುವುದು ಒಳ್ಳೆಯದು, ಏಕೆಂದರೆ ತೆರೆದ ಆಕಾಶಕ್ಕೆ ಶಾಖ ಹೋಗಬೇಕಾದರೆ ನಡುವೆ ಮರೆ ಇರಬಾರದು. ತೋಟದ ಮನೆಯಲ್ಲಿ ತೆಂಗಿನ ಗರಿಯ ಚಪ್ಪರ ಹಾಕುವವರೂ ಇದ್ದಾರೆ. ನೆರಳಿನ ಮಟ್ಟಿಗೆ ಅದು ನೆಟ್ಟಿಗಿಂತ ಮೇಲೇ ಸರಿ, ಆದರೆ ಒಣಗರಿಯ ಪುಡಿ ಉದುರಿ ಫಿಲ್ಟರಿನ ಕೆಲಸ ಹೆಚ್ಚುತ್ತದೆ, ರಾತ್ರಿ ಸರಿಸಲೂ ಬರುವುದಿಲ್ಲ.

ನೆರಳು ಎಲ್ಲಿ ಬೇಕು ಎಂಬುದರಲ್ಲಿ ಅನೇಕರು ಎಡವುತ್ತಾರೆ. ಶೀತದೇಶಗಳ ಪುಸ್ತಕಗಳನ್ನು ನೋಡಿ ದಕ್ಷಿಣದ ಕಡೆ ಮರ ನೆಟ್ಟರೆ ನೆರಳು ಸಿಗುತ್ತದೆಂದು ನಂಬುವುದು ನಮ್ಮ ಅಕ್ಷಾಂಶದಲ್ಲಿ ತಪ್ಪಾಗುತ್ತದೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 22ರ ಆಸುಪಾಸಿನಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಮ್ಮ ಊರು ಭಾರತೀಯ ಕಾಲಮಾನದ ರೇಖೆಗಿಂತ ಪಶ್ಚಿಮಕ್ಕಿರುವುದರಿಂದ ಗಡಿಯಾರದಲ್ಲಿ ಆಗ ಹನ್ನೆರಡೂ ಇಪ್ಪತ್ತರ ಸುಮಾರು. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಆ ಕ್ಷಣದಲ್ಲಿ ನೆರಳೇ ಇರುವುದಿಲ್ಲ. ಆ ದಿನದ ನಂತರ ಆಗಸ್ಟ್ ನಡುವಿನವರೆಗೂ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹೀಗಾಗಿ ಏಪ್ರಿಲ್ ಮತ್ತು ಮೇ ತಿಂಗಳುಗಳ ನಡುಹಗಲಿಗೆ ಬೇಕಾದದ್ದು ತಲೆಯ ಮೇಲಿನ ನೆರಳು, ಮಧ್ಯಾಹ್ನದ ಇಳಿಬಿಸಿಲಿಗೆ ಬೇಕಾದದ್ದು ಪಶ್ಚಿಮ ಮತ್ತು ವಾಯವ್ಯ ದಿಕ್ಕಿನ ಮರ ಅಥವಾ ಗೋಡೆ. ದಕ್ಷಿಣದಲ್ಲಿ ನೆಟ್ಟ ಮರ ಡಿಸೆಂಬರಿನಲ್ಲಿ, ಯಾರಿಗೂ ಬೇಡವಾದ ಹೊತ್ತಿನಲ್ಲಿ, ಕೊಳದ ಮೇಲೆ ನೆರಳು ಚೆಲ್ಲುತ್ತದೆ. ಮರದ ಆಯ್ಕೆಯಲ್ಲಿ ಹೊಂಗೆಯನ್ನು ಮೀರಿಸುವುದು ಕಷ್ಟ. ಬೇಸಿಗೆ ಬಲಿಯುವ ವೇಳೆಗೆ ಅದು ಹೊಸ ಎಲೆಗಳಿಂದ ದಟ್ಟವಾಗಿರುತ್ತದೆ. ಅದರ ಹೂವು ರಾಶಿರಾಶಿಯಾಗಿ ಉದುರುವುದರಿಂದ ಕೊಳದ ಅಂಚಿಗೆ ಹತ್ತಿಸದೆ, ನೆರಳು ಮಾತ್ರ ತಲುಪುವಷ್ಟು ದೂರದಲ್ಲಿ ನೆಡಬೇಕು.

ಹೊದಿಕೆಯ ವಿಷಯದಲ್ಲಿ ಇನ್ನೂ ದೊಡ್ಡ ತಪ್ಪುತಿಳಿವಳಿಕೆಯಿದೆ. ನೀಲಿ ಬಣ್ಣದ, ಗುಳ್ಳೆಗುಳ್ಳೆಯಾದ ಪ್ಲಾಸ್ಟಿಕ್ ಹಾಳೆಯನ್ನು ನೀರು ಆವಿಯಾಗದಂತೆ ತಡೆಯಲು ಒಳ್ಳೆಯದೆಂದು ಕೊಳ್ಳುವವರಿದ್ದಾರೆ. ಅದು ಶೀತದೇಶಗಳಲ್ಲಿ ಕೊಳವನ್ನು ಬೆಚ್ಚಗಿಡಲೆಂದೇ ಮಾಡಿದ ವಸ್ತು. ಬಿಸಿಲನ್ನು ಒಳಗೆ ಬಿಡುತ್ತದೆ, ಆವಿಯನ್ನು ಹೊರಗೆ ಬಿಡುವುದಿಲ್ಲ. ಶಾಖ ಬರುವ ಬಾಗಿಲು ತೆರೆದು, ಹೋಗುವ ಬಾಗಿಲನ್ನು ಮುಚ್ಚುತ್ತದೆ. ಮೈಸೂರಿನ ಏಪ್ರಿಲ್‌ನಲ್ಲಿ ಅದನ್ನು ಹಗಲಿಡೀ ಹೊದಿಸಿದರೆ ನೀರು ಇನ್ನಷ್ಟು ಬಿಸಿಯಾಗುವುದು ಖಂಡಿತ. ಕಪ್ಪು ಟಾರ್ಪಾಲು ಬಿಸಿಲನ್ನು ತಾನೇ ಹೀರಿಕೊಂಡು ಕೆಳಗಿನ ನೀರಿಗೆ ಸ್ವಲ್ಪಸ್ವಲ್ಪವಾಗಿ ದಾಟಿಸುತ್ತದೆ. ತಣಿಸುವ ಉದ್ದೇಶಕ್ಕೆ ಬೇಕಾದದ್ದು ಬೆಳಕು ಹಾಯದ, ಮೇಲ್ಭಾಗ ಬಿಳಿ ಅಥವಾ ಬೆಳ್ಳಿ ಬಣ್ಣದ ಹೊದಿಕೆ. ಅಂಥದ್ದನ್ನು ಬಿಸಿಲೇರುವ ಮೊದಲೇ ಹೊದಿಸಿ ಸಂಜೆ ತೆಗೆದರೆ, ಹಗಲಿನ ಬಿಸಿಲೂ ತಪ್ಪುತ್ತದೆ, ಹಗಲಿನ ಒಣಗಾಳಿಗೆ ಹೋಗುವ ನೀರೂ ಉಳಿಯುತ್ತದೆ, ಇರುಳಿನ ತಂಪೂ ಸಿಗುತ್ತದೆ. ನನ್ನ ಮಟ್ಟಿಗೆ, ನೀರಿನ ಅಭಾವವಿರುವ ನಮ್ಮ ಸೀಮೆಗೆ ಒಪ್ಪುವ ಅತ್ಯುತ್ತಮ ಉಪಾಯ ಇದೇ. ಒಂದೇ ಎಚ್ಚರಿಕೆಯೆಂದರೆ ಸಡಿಲವಾಗಿ ತೇಲುವ ಹಾಳೆಯನ್ನು ಮಕ್ಕಳು ನೆಲವೆಂದು ಭಾವಿಸಿ ಕಾಲಿಟ್ಟರೆ ಅದು ಅವರನ್ನು ಸುತ್ತಿಕೊಂಡು ಮುಳುಗುತ್ತದೆ. ಹೊದಿಸಿದ ಕೊಳಕ್ಕೆ ಬೇಲಿಯೂ ಬೀಗವಿರುವ ಗೇಟೂ ಇರಲೇಬೇಕು.

ಇನ್ನು ಇರುಳಿನ ಕೆಲಸ. ಫಿಲ್ಟರಿನಿಂದ ಕೊಳಕ್ಕೆ ಮರಳುವ ನೀರಿನ ಕೊಳವೆಗೆ ಸಣ್ಣ ಕಾರಂಜಿಯನ್ನೋ ತುಂತುರು ಮೂತಿಯನ್ನೋ ಜೋಡಿಸಿ, ನೀರು ಗಾಳಿಯಲ್ಲಿ ಹಾರಿ ಹನಿಹನಿಯಾಗಿ ಮರಳಿ ಬೀಳುವಂತೆ ಮಾಡಿದರೆ ನೀರಿಗೂ ಗಾಳಿಗೂ ನಡುವಿನ ಮೇಲ್ಮೈ ಹಲವು ಪಟ್ಟು ಹೆಚ್ಚುತ್ತದೆ. ಗಂಟೆಗೆ ಐದು ಸಾವಿರ ಲೀಟರ್ ನೀರು ಹೀಗೆ ಹಾರಿದರೆ ಒಂದು ರಾತ್ರಿಯ ಎಂಟು-ಒಂಬತ್ತು ಗಂಟೆಗಳಲ್ಲಿ ನಮ್ಮ ಕೊಳದ ನೀರೆಲ್ಲ ಒಮ್ಮೆ ಗಾಳಿಯನ್ನು ಕಂಡುಬಂದಂತೆ. ಹನಿ ಸಣ್ಣದಾಗಿದ್ದು ಸ್ವಲ್ಪ ಎತ್ತರದಿಂದ ಬಿದ್ದರೆ ಒಂದೆರಡು ಡಿಗ್ರಿ ಇಳಿಯುವುದನ್ನು ನಿರೀಕ್ಷಿಸಬಹುದು.

ಕಾರಂಜಿಯನ್ನು ಹಗಲಿನಲ್ಲಿ ಓಡಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಹಗಲಿನಲ್ಲೂ ಆರ್ದ್ರ ಬಲ್ಬ್ ಉಷ್ಣತೆ 22 ಡಿಗ್ರಿಯಷ್ಟೇ ಇರುವುದರಿಂದ ನೀರು ತಣಿಯುತ್ತದೆ ಎಂಬುದು ಸತ್ಯ. ಆದರೆ ಆಗ 35 ಡಿಗ್ರಿಯ ಗಾಳಿ ಪ್ರತಿ ಹನಿಗೂ ತನ್ನ ಶಾಖವನ್ನು ಕೊಡುತ್ತಿರುತ್ತದೆ. ಆವಿಯಾಗಿ ಹೋದ ನೀರಿನ ಒಂದು ಪಾಲು ಆ ಶಾಖವನ್ನು ಹೊರಹಾಕುವುದರಲ್ಲೇ ಕಳೆದುಹೋಗುತ್ತದೆ. ರಾತ್ರಿಯಾದರೆ ಗಾಳಿಯೇ ನೀರಿಗಿಂತ ಏಳೆಂಟು ಡಿಗ್ರಿ ತಂಪಾಗಿರುತ್ತದೆ. ಆಗ ಆವಿಯ ಜೊತೆಗೆ ಗಾಳಿಯೂ ನೇರವಾಗಿ ಶಾಖವನ್ನು ಎಳೆದುಕೊಳ್ಳುವುದರಿಂದ ಅಷ್ಟೇ ತಂಪಿಗೆ ಕಡಿಮೆ ನೀರು ಸಾಕು. ಕೊಳವನ್ನು ಎರಡು ಡಿಗ್ರಿ ಇಳಿಸಲು ರಾತ್ರಿಯ ಕಾರಂಜಿಗೆ ಸುಮಾರು ನೂರರಿಂದ ನೂರೈವತ್ತು ಲೀಟರ್ ನೀರು ಖರ್ಚಾದೀತು. ಹಗಲಿನಲ್ಲಿ ಅದೇ ಕೆಲಸಕ್ಕೆ ಇನ್ನೂ ಹೆಚ್ಚು, ಮೇಲಾಗಿ ಗಾಳಿಗೆ ತೂರಿಹೋಗುವ ಹನಿಗಳ ನಷ್ಟ ಬೇರೆ. ಅಶ್ವಿನಿ, ಭರಣಿ ಮಳೆಗಳು ಬಿದ್ದ ರಾತ್ರಿ ಗಾಳಿ ತೇವದಿಂದ ತುಂಬಿರುವಾಗ ಕಾರಂಜಿಯಿಂದ ಅಷ್ಟು ಫಲವಿಲ್ಲ. ಅಂಥ ದಿನಗಳಲ್ಲಿ ಮೋಡವೂ ಮಳೆಯೂ ತಮ್ಮ ಕೆಲಸವನ್ನು ತಾವೇ ಮಾಡಿರುತ್ತವೆ, ಪಂಪು ನಿಲ್ಲಿಸಬಹುದು.

ಹಾಗೆಂದು ಹಗಲಿನಲ್ಲಿ ಪಂಪನ್ನೇ ಓಡಿಸಬಾರದೆಂದಲ್ಲ. ಕ್ಲೋರಿನ್ ಎಲ್ಲ ಕಡೆಗೂ ತಲುಪಬೇಕಾದರೆ ಬಿಸಿಲಿನ ಹೊತ್ತಿನಲ್ಲೂ ಕೆಲವು ಗಂಟೆ ನೀರು ತಿರುಗಬೇಕು. ಆಗ ಮರಳುವ ನೀರಿನ ಮೂತಿಗಳನ್ನು ಕೆಳಮುಖವಾಗಿಯೂ, ರಾತ್ರಿ ಮೇಲ್ಮೈಯನ್ನು ಕದಡುವಂತೆ ಮೇಲ್ಮುಖವಾಗಿಯೂ ತಿರುಗಿಸಿದರೆ ಸಾಕು. ಮೇಲ್ಮೈ ಅಲ್ಲಾಡಿದಷ್ಟೂ ಆವಿ ಹೆಚ್ಚು. ಕೃತಕ ಜಲಪಾತ, ಅಂಚಿನಿಂದ ತುಳುಕಿ ಹರಿಯುವ ಕೊಳ, ಇವೆಲ್ಲವೂ ಇದೇ ನಿಯಮಕ್ಕೆ ಸೇರಿದವು.

ಐಸ್ ಮತ್ತು ಹೊಸ ನೀರಿನ ಸಲಹೆಗಳನ್ನು ಮೇಲಿನ ಲೆಕ್ಕಕ್ಕೆ ಒಡ್ಡಿದರೆ ಬೇಗನೆ ಉತ್ತರ ಸಿಗುತ್ತದೆ. ಒಂದು ಕಿಲೋ ಐಸ್ ಕರಗಿ 28 ಡಿಗ್ರಿಯ ನೀರಾಗುವಷ್ಟರಲ್ಲಿ ಹೀರಿಕೊಳ್ಳುವ ಶಾಖ ಸುಮಾರು 0.125 ಯೂನಿಟ್. ನಮ್ಮ ಕೊಳವನ್ನು ಒಂದೇ ಒಂದು ಡಿಗ್ರಿ ಇಳಿಸಲು ಬೇಕಾದ 52 ಯೂನಿಟ್ಟಿಗೆ 400 ಕಿಲೋಗೂ ಹೆಚ್ಚು ಐಸ್ ತರಬೇಕು. ಮರುದಿನದ ಬಿಸಿಲು ಅದನ್ನು ಬೆಳಗಿನ ಕೆಲವೇ ಗಂಟೆಗಳಲ್ಲಿ ಅಳಿಸಿಹಾಕುತ್ತದೆ. ಇನ್ನು 31 ಡಿಗ್ರಿಯ ನೀರಿನಲ್ಲಿ ಹತ್ತನೆಯ ಒಂದು ಪಾಲನ್ನು, ಅಂದರೆ 4,500 ಲೀಟರನ್ನು, ಹೊರಚೆಲ್ಲಿ 26 ಡಿಗ್ರಿಯ ಬೋರ್‌ವೆಲ್ ನೀರು ತುಂಬಿಸಿದರೆ ಇಳಿಯುವುದು ಅರ್ಧ ಡಿಗ್ರಿ ಮಾತ್ರ. ಒಂದು ಟ್ಯಾಂಕರ್ ನೀರಿನಷ್ಟನ್ನು ಚೆಲ್ಲಿ ಗಳಿಸುವ ಅರ್ಧ ಡಿಗ್ರಿಯನ್ನು ಕೊಳದ ಕಾಲು ಭಾಗಕ್ಕೆ ಕಟ್ಟಿದ ನೆರಳೇ ಪ್ರತಿದಿನವೂ ಕೊಡುತ್ತದೆ.

ಚಿಲ್ಲರ್ ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ಎಸಿಯಂತೆಯೇ ಅದೂ ನೀರಿನ ಶಾಖವನ್ನು ತೆಗೆದು ಹೊರಗಿನ ಗಾಳಿಗೆ ಬಿಡುತ್ತದೆ. ಗಂಟೆಗೆ 5 ಯೂನಿಟ್ ಶಾಖ ತೆಗೆಯುವ ಯಂತ್ರ ಹತ್ತು ಗಂಟೆ ಓಡಿದರೆ 50 ಯೂನಿಟ್, ಅಂದರೆ ಒಂದು ಡಿಗ್ರಿ. ಅದಕ್ಕೆ ತಗಲುವ ವಿದ್ಯುತ್ ಸುಮಾರು 15 ಯೂನಿಟ್. ತೆರೆದ ಬಿಸಿಲಿನಲ್ಲಿರುವ ಕೊಳಕ್ಕೆ ಇದನ್ನು ಕೂರಿಸಿದರೆ ದಿನದ 170 ಯೂನಿಟ್ಟಿನ ಎದುರು ಅದು ಸೋಲುತ್ತಲೇ ಇರುತ್ತದೆ. ನೆರಳು ಕಟ್ಟಿ, ಇರುಳಿನ ಕಾರಂಜಿ ಓಡಿಸಿ, ಆ ಮೇಲೂ ತರಬೇತಿಗೆಂದು 27 ಡಿಗ್ರಿಯೇ ಬೇಕೆನ್ನುವವರಿಗೆ ಚಿಕ್ಕ ಚಿಲ್ಲರ್ ಸಾಕಾಗುತ್ತದೆ.

ಕೊಳದ ಬಣ್ಣದ ಬಗ್ಗೆಯೂ ಒಂದು ಮಾತು. ಬಿಸಿಲಿನ ಶಕ್ತಿಯ ಹೆಚ್ಚುಕಡಿಮೆ ಅರ್ಧ ಭಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿದ್ದು, ಅದು ತಳದ ಬಣ್ಣ ಯಾವುದಿದ್ದರೂ ಮೇಲಿನ ಪದರಗಳಲ್ಲೇ ಹೀರಲ್ಪಡುತ್ತದೆ. ಉಳಿದ ಬೆಳಕು ತಳ ತಲುಪಿದಾಗ ಮಾತ್ರ ಟೈಲಿನ ಬಣ್ಣಕ್ಕೆ ಅರ್ಥ ಬರುತ್ತದೆ: ತಿಳಿಬಣ್ಣ ಒಂದಿಷ್ಟನ್ನು ಮರಳಿಸುತ್ತದೆ, ಕಡುನೀಲಿ ಅಥವಾ ಕಪ್ಪು ಎಲ್ಲವನ್ನೂ ಹಿಡಿದಿಡುತ್ತದೆ. ಹೊಸದಾಗಿ ಕಟ್ಟಿಸುವವರು ತಿಳಿಬಣ್ಣ ಆರಿಸಲಿ. ಈಗಾಗಲೇ ಇರುವ ಟೈಲನ್ನು ಇದಕ್ಕಾಗಿ ಕೀಳಿಸುವ ಅಗತ್ಯವಿಲ್ಲ. ಸುತ್ತಲಿನ ನೆಲಕ್ಕೆ ಹಾಸುವ ಕಡಪ ಕಲ್ಲು ಮಧ್ಯಾಹ್ನ ಬರಿಗಾಲಿಡಲಾಗದಷ್ಟು ಸುಡುತ್ತದೆ, ಅಲ್ಲಿ ಬಿಳಿಛಾಯೆಯ ಒರಟು ಕಲ್ಲು ಮೇಲು.

ಆವಿಯ ತಂಪಿಗೆ ತೆರಬೇಕಾದ ಬೆಲೆಯೂ ಒಂದಿದೆ. ನೀರು ಆವಿಯಾಗುವಾಗ ಅದರೊಳಗಿನ ಲವಣಗಳು ಹಿಂದೆಯೇ ಉಳಿಯುತ್ತವೆ. ದಿನಕ್ಕೆ 190 ಲೀಟರಿನಂತೆ ಮೂರು ತಿಂಗಳು ತುಂಬಿಸುವ ನೀರು 17 ಸಾವಿರ ಲೀಟರ್. ಆ ನೀರಿನ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಇದ್ದರೆ, ಬೇಸಿಗೆ ಮುಗಿಯುವ ಹೊತ್ತಿಗೆ ಕೊಳದಲ್ಲಿ ಹೆಚ್ಚೂಕಡಿಮೆ ಏಳು ಕಿಲೋ ಸುಣ್ಣದಂಶ ಹೊಸದಾಗಿ ಸೇರಿರುತ್ತದೆ. ಅಂದರೆ ಕೊಳದ ಗಡಸುತನ ಲೀಟರಿಗೆ 150 ಮಿಲಿಗ್ರಾಂ ಏರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ 200, ಬೇರೆ ಮೂಲವಿಲ್ಲದಾಗ 600. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುವುದನ್ನು ಕಂಡಿರುವ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಚ್ಚನೆಯ ನೀರಿನಲ್ಲಿ ಸುಣ್ಣ ಬೇಗ ಹೊರಬೀಳುತ್ತದೆ. ಕಾರಂಜಿ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೊರದೂಡುವುದರಿಂದ ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ ಮೇಲೇರಿ ಆ ಕೆಲಸ ಇನ್ನೂ ಸುಲಭವಾಗುತ್ತದೆ. ಆದ್ದರಿಂದ ಕಾರಂಜಿ ಓಡಿಸುವ ಮನೆಯವರು ವಾರಕ್ಕೆರಡು ಸಲವಾದರೂ ಪಿಎಚ್ ನೋಡಿ 7.2ರಿಂದ 7.8ರ ನಡುವೆ ಇರಿಸಿಕೊಳ್ಳಬೇಕು. ಮಳೆನೀರು ಇದಕ್ಕೆ ಒಳ್ಳೆಯ ಮದ್ದು. ನೂರು ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರಿನ ಒಂದು ಮಳೆ ಬಿದ್ದರೆ ಎರಡು ಸಾವಿರ ಲೀಟರ್ ಮೆದುನೀರು ಸಿಗುತ್ತದೆ. ಮೊದಲ ಕೊಳೆನೀರನ್ನು ಹೊರಗೆ ಬಿಟ್ಟು ಉಳಿದದ್ದನ್ನು ತೊಟ್ಟಿಯಲ್ಲಿ ಹಿಡಿದಿಟ್ಟರೆ ಹತ್ತು ದಿನ ಕೊಳಕ್ಕೆ ಬೇರೆ ನೀರು ಬೇಡ.

ನೀರಿನ ಮೂಲದ ಬಗ್ಗೆ ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಕುಡಿಯಲು ಬರುವ ನಲ್ಲಿ ನೀರನ್ನು ಬೇಸಿಗೆಯಲ್ಲಿ ಕೊಳಕ್ಕೆ ಬಿಡಬಾರದು. 2023ರ ಮುಂಗಾರು ಕೈಕೊಟ್ಟು ಕೆಆರ್‌ಎಸ್ ಅಣೆಕಟ್ಟೆ ತನ್ನ 124.80 ಅಡಿಯ ಪೂರ್ಣಮಟ್ಟವನ್ನು ಮುಟ್ಟಲೇ ಇಲ್ಲ. ಮರುವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ವಿಧಿಸಿತು. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಾರದೆ ಕಬ್ಬು ಒಣಗುವ ವರ್ಷದಲ್ಲಿ ನಾಲೆಯ ಪಕ್ಕದ ತೋಟದಲ್ಲೇ ಕೊಳದ ನೀರನ್ನು ಪದೇಪದೇ ಬದಲಿಸುವುದು ನೆರೆಹೊರೆಗೆ ಮಾಡುವ ಅನ್ಯಾಯ. ಅಂಥ ವರ್ಷಗಳಲ್ಲಿ ಕಾರಂಜಿಯನ್ನು ಕೈಬಿಟ್ಟು ನೆರಳು ಮತ್ತು ಬಿಳಿಹೊದಿಕೆಗಳಲ್ಲೇ ತೃಪ್ತರಾಗಬೇಕು. ನೀರು 30 ಡಿಗ್ರಿಯಲ್ಲಿ ನಿಂತರೂ ಸಹಿಸಬಹುದು.

ಇದೆಲ್ಲದರ ನಡುವೆ ನೀರಿನ ಮಟ್ಟ ಇಳಿಯುವುದು ಆವಿಯಿಂದಲೋ ಸೋರಿಕೆಯಿಂದಲೋ ಎಂದು ತಿಳಿದುಕೊಳ್ಳುವುದು ಅಗತ್ಯ. ಒಂದು ಬಕೆಟ್ಟಿನಲ್ಲಿ ಕೊಳದ ನೀರನ್ನೇ ತುಂಬಿ, ಕೊಳದ ಮೆಟ್ಟಿಲಿನ ಮೇಲೆ ನೀರಿನಲ್ಲಿ ಅರ್ಧ ಮುಳುಗುವಂತೆ ಇಟ್ಟು, ಒಳಗಿನ ಮಟ್ಟವನ್ನೂ ಹೊರಗಿನ ಮಟ್ಟವನ್ನೂ ಗುರುತು ಮಾಡಿ, ಕಾರಂಜಿ ನಿಲ್ಲಿಸಿ ಒಂದು ದಿನ ಬಿಡಬೇಕು. ಎರಡೂ ಸಮನಾಗಿ ಇಳಿದಿದ್ದರೆ ಅದು ಆವಿ. ಹೊರಗಿನದು ಹೆಚ್ಚು ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಮೊದಲು ಸರಿಪಡಿಸಬೇಕು. ಕೊಳದ ಆಳದಲ್ಲಿ ಒಂದಡಿ ಕೆಳಗೆ ಇಳಿಬಿಡುವ ಅಗ್ಗದ ಉಷ್ಣಮಾಪಕವೊಂದನ್ನು ಇಟ್ಟುಕೊಂಡು ಬೆಳಗ್ಗೆ ಆರಕ್ಕೂ ಸಂಜೆ ಐದಕ್ಕೂ ಬರೆದಿಟ್ಟರೆ, ಹಗಲಿನಲ್ಲಿ ಎಷ್ಟು ಏರಿತು, ಇರುಳಿನಲ್ಲಿ ಎಷ್ಟು ಇಳಿಯಿತು ಎಂಬುದು ಒಂದು ವಾರದೊಳಗೆ ಸ್ಪಷ್ಟವಾಗುತ್ತದೆ. ಹಗಲಿನ ಏರಿಕೆ ಹೆಚ್ಚಿದ್ದರೆ ನೆರಳು ಸಾಲದು ಎಂದರ್ಥ. ಇರುಳಿನ ಇಳಿಕೆ ಕಡಿಮೆಯಿದ್ದರೆ ಮೇಲ್ಮೈ ತೆರೆದಿಲ್ಲ ಅಥವಾ ಕಾಂಪೌಂಡಿನ ಎತ್ತರದ ಗೋಡೆ ಗಾಳಿಯನ್ನು ತಡೆಯುತ್ತಿದೆ. ಮುಂಗಾರಿನ ಮೋಡ ಕವಿದ ಮೇಲೆ ನೀರು ತಾನಾಗಿಯೇ ಇಳಿಮುಖವಾಗುತ್ತದೆ. ಆಗ ಶೇಡ್‌ನೆಟ್ಟನ್ನು ಬಿಚ್ಚಿ ಒಣಗಿಸಿ ಮಡಿಸಿಡಬೇಕು, ಏಕೆಂದರೆ ಆಷಾಢದ ಗಾಳಿಗೆ ಕಟ್ಟಿದ ನೆಟ್ಟು ಹರಿಯುವುದಲ್ಲದೆ ಕಂಬಗಳನ್ನೂ ಎಳೆದು ಬೀಳಿಸುತ್ತದೆ.